ಗರ್ಭಕಂಠದ ತಪಾಸಣೆಗೆ ನಮ್ಮ ಸಂಘದ ಹೆಣ್ಣುಮಕ್ಕಳು ಬರುತ್ತಿಲ್ಲ, ಏನು ಮಾಡಬೇಕು?

ಸೇಡಂ ಶಿಕ್ಷಕಿ (ಪ್ರಶ್ನೆ)

ನಾನು ಸೇಡಂ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಊರಿನ ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕವನ್ನೂ ನಾನೇ ಬರೆಯುವುದರಿಂದ ಹೆಣ್ಣುಮಕ್ಕಳ ಜೊತೆ ಸಲುಗೆಯಿದೆ. ಕಳೆದ ತಿಂಗಳು ನಮ್ಮ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ, ಬಾಯಿ, ಸ್ತನ ಮತ್ತು ಗರ್ಭಕಂಠದ (ಗರ್ಭಕೋಶದ ಕೊರಳಿನ) ಕ್ಯಾನ್ಸರ್ ತಪಾಸಣೆಯನ್ನು ಒಂದೇ ದಿನ ಇಟ್ಟುಕೊಂಡಿದ್ದರು. ಆಶಾ ಕಾರ್ಯಕರ್ತೆಯ ಜೊತೆ ನಾನೂ ಮನೆಮನೆಗೆ ಹೋಗಿ ಹೇಳಿ ಬಂದಿದ್ದೆ. ನಲವತ್ತಕ್ಕೂ ಹೆಚ್ಚು ಜನ ಬಂದರು. ಬಿ.ಪಿ. ನೋಡಿಸಿಕೊಂಡರು, ಬೆರಳು ಚುಚ್ಚಿಸಿಕೊಂಡರು, ಪರದೆಯ ಹಿಂದಿನ ಮಂಚದ ಸರದಿ ಬಂದಾಗ ಮಾತ್ರ ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿ ಹೊರಟುಹೋದರು. ಉಳಿದವರು ಮೂವರು, ಆ ಮೂವರಲ್ಲಿ ನಾನೂ ಒಬ್ಬಳು.

ಅವರು ಹೇಳುವ ಕಾರಣಗಳನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. "ನಂಗೇನ್ ಆಗ್ಯಾದ್ರೀ ಅಕ್ಕೋರೆ, ಛಲೋ ದುಡೀಲಿಕತ್ತೀನಿ" ಎಂಬುದು ಒಂದು. "ಮಕ್ಕಳು ಮರಿ ಎಲ್ಲಾ ಆಗಿ ಹೋದ್ವು, ಇನ್ನೇನ್ ತೋರ್ಸೋದು" ಎಂಬುದು ಇನ್ನೊಂದು. ಮೂರನೆಯದನ್ನು ಯಾರೂ ಎಲ್ಲರೆದುರು ಹೇಳಲಿಲ್ಲ. ಬಾವಿಯ ಕಟ್ಟೆಯ ಹತ್ತಿರ ಒಬ್ಬಾಕೆ ನನ್ನ ಸೆರಗು ಹಿಡಿದು ನಿಲ್ಲಿಸಿ, "ಅಲ್ಲಿ ಹೋದ್ರ ಚೀಲ ತೆಗೀರಿ ಅಂತಾರಂತ, ಖರೇನಾ?" ಎಂದು ಕೇಳಿದಳು. ಚೀಲ ಎಂದರೆ ಗರ್ಭಕೋಶ. ಆಗ ನಾನು ನಕ್ಕುಬಿಟ್ಟೆ. ಆಮೇಲೆ ಅದು ನಗುವ ಮಾತಾಗಿರಲಿಲ್ಲವೇನೋ ಎಂದು ಅನ್ನಿಸುತ್ತಿದೆ.

ನನ್ನ ಪ್ರಶ್ನೆ ಎರಡು. ಇವರನ್ನು ಗದರಿಸದೆ, ಹೆದರಿಸದೆ ಒಪ್ಪಿಸುವುದು ಹೇಗೆ? ಎರಡನೆಯದು ಮನೆಯ ವಿಷಯ. ನನ್ನ ನೆಗೆಣ್ಣಿಗೆ ಐವತ್ಮೂರು ವರ್ಷ, ಮುಟ್ಟು ನಿಂತು ನಾಲ್ಕು ವರ್ಷವಾಗಿದೆ, ಎರಡು ತಿಂಗಳಿಂದ ಆಗಾಗ ರಕ್ತದ ಕಲೆ ಕಾಣಿಸುತ್ತಿದೆಯಂತೆ. ಉಷ್ಣವಾಗಿದೆ ಎಂದು ಸಬ್ಜಾ ಬೀಜ ನೆನೆಸಿ ಕುಡಿಯುತ್ತಿದ್ದಾಳೆ. ಅವಳನ್ನು ಮುಂದಿನ ತಪಾಸಣಾ ದಿನಕ್ಕೆ ಕರೆದುಕೊಂಡು ಹೋದರೆ ಸಾಕಾಗುತ್ತದೆಯೇ?

ಶಹಾಪುರದ ಸಿಸ್ಟರ್

ಅಕ್ಕೋರೆ, ನಿಮ್ಮ ಎರಡನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಕಾಯುವಂಥದ್ದಲ್ಲ. ತಪಾಸಣೆ ಎಂಬುದು ಯಾವ ತೊಂದರೆಯೂ ಇಲ್ಲದವರಿಗೆ ಮಾಡುವ ಪರೀಕ್ಷೆ. ಮುಟ್ಟು ನಿಂತ ಮೇಲೆ ಕಾಣಿಸುವ ರಕ್ತ, ಗಂಡ ಹೆಂಡತಿ ಸೇರಿದ ಮೇಲೆ ಕಾಣಿಸುವ ರಕ್ತ, ಎರಡು ಮುಟ್ಟಿನ ನಡುವೆ ಬರುವ ರಕ್ತ, ದುರ್ವಾಸನೆಯ ಬಿಳಿ ಸೆರಗು, ಇವು ಇದ್ದವರು ತಪಾಸಣಾ ದಿನಕ್ಕೆ ಕಾಯದೆ ನೇರವಾಗಿ ಸ್ತ್ರೀರೋಗ ತಜ್ಞರ ಹತ್ತಿರ ಹೋಗಬೇಕು. ಇವೆಲ್ಲವೂ ಕ್ಯಾನ್ಸರ್ ಆಗಿರುತ್ತವೆ ಎಂದಲ್ಲ, ಆದರೆ ನೋಡದೆ ಅಲ್ಲ ಎನ್ನುವುದಕ್ಕೆ ಬರುವುದಿಲ್ಲ. ನಿಮ್ಮ ನೆಗೆಣ್ಣಿಯನ್ನು ಈ ವಾರವೇ ಕರೆದುಕೊಂಡು ಹೋಗಿ.

ಇನ್ನು ಮೊದಲನೆಯ ಪ್ರಶ್ನೆ. ನಾನು ಹನ್ನೊಂದು ವರ್ಷದಿಂದ ಸ್ಟಾಫ್ ನರ್ಸ್, ಅದರಲ್ಲಿ ಆರು ವರ್ಷದಿಂದ ಈ ಪರೀಕ್ಷೆ ಮಾಡುತ್ತಿದ್ದೇನೆ. ಹೆಣ್ಣುಮಕ್ಕಳಿಗೆ ತಿಳಿವಳಿಕೆ ಇಲ್ಲ ಎಂಬ ಮಾತನ್ನು ನಮ್ಮ ಸಭೆಗಳಲ್ಲಿ ಪ್ರತಿ ಸಲ ಕೇಳುತ್ತೇನೆ, ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಇಡೀ ದೇಶದಲ್ಲಿ 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಅಷ್ಟು ಕಡಿಮೆ ಇದ್ದಾಗ ತಪ್ಪನ್ನು ಬರದವರ ಮೇಲೆ ಮಾತ್ರ ಹಾಕುವುದು ಸರಿಯಲ್ಲ.

ಪರದೆಯ ಹಿಂದೆ ಏನಾಗುತ್ತದೆ ಎಂದು ಯಾರೂ ಮೊದಲೇ ಹೇಳಿರುವುದಿಲ್ಲ. ಹೆರಿಗೆಯ ಮಂಚದ ಮೇಲೆ ಬೈಸಿಕೊಂಡ, ಹೊಡೆಸಿಕೊಂಡ ನೆನಪು ಇದ್ದವರಿಗೆ ಅದೇ ಮಂಚ ಮತ್ತೆ ಕಂಡರೆ ಕಾಲು ಹಿಂದೆ ಸರಿಯುವುದು ಸಹಜ. ಆದ್ದರಿಂದ ನಾನು ಮಂಚ ತೋರಿಸುವ ಮೊದಲು ಹೊರಗಿನ ಕಟ್ಟೆಯ ಮೇಲೆ ಕೂರಿಸಿಕೊಂಡು ಸಾಮಾನು ತೋರಿಸುತ್ತೇನೆ. ಇದು ಸ್ಪೆಕ್ಯುಲಮ್, ಒಳಗೆ ಕಾಣುವಂತೆ ದಾರಿ ಅಗಲಿಸಿ ಹಿಡಿಯುವ ಸಾಧನ, ಕುದಿಸಿ ಶುದ್ಧ ಮಾಡಿದ್ದು, ಒಬ್ಬರದ್ದು ಇನ್ನೊಬ್ಬರಿಗೆ ಹಾಗೇ ಬಳಸುವುದಿಲ್ಲ. ಇದು ಹತ್ತಿ ಸುತ್ತಿದ ಕಡ್ಡಿ. ಈ ಬಾಟಲಿಯಲ್ಲಿರುವುದು ಸಿರ್ಕಾದಲ್ಲಿ (ವಿನೆಗರ್) ಇರುವ ಆಮ್ಲವೇ, ನೂರಕ್ಕೆ ಮೂರರಿಂದ ಐದರಷ್ಟು ತೆಳುವಾಗಿಸಿದ್ದು. ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿಯುತ್ತೇನೆ. ವಾಸನೆ ನೋಡಿದ ಕೂಡಲೇ ಯಾರಾದರೊಬ್ಬರು "ಉಪ್ಪಿನಕಾಯಿ ಹಾಕ್ತೀಯೇನ್ ಸಿಸ್ಟರ್" ಎನ್ನುತ್ತಾರೆ, ಎಲ್ಲರೂ ನಗುತ್ತಾರೆ. ಆ ನಗು ಬಂದ ದಿನ ನನ್ನ ರಿಜಿಸ್ಟರಿನಲ್ಲಿ ಹತ್ತು ಹೆಸರು ಹೆಚ್ಚು ಬೀಳುತ್ತವೆ. ಒಳಗೆ ಹೋದ ಮೇಲೆ ಗರ್ಭಕೋಶದ ಕೊರಳಿಗೆ ಆ ಹತ್ತಿಯನ್ನು ಒತ್ತಿ, ಒಂದು ನಿಮಿಷ ಕಾದು, ಬೆಳಕು ಬಿಟ್ಟು ನೋಡುವುದು ಅಷ್ಟೇ. ಬದಲಾಗಿರುವ ಜೀವಕೋಶಗಳು ಇದ್ದರೆ ಆ ಜಾಗ ಸುಣ್ಣ ಹಚ್ಚಿದಂತೆ ಬೆಳ್ಳಗಾಗುತ್ತದೆ. ಸ್ವಲ್ಪ ಚುರುಗುಟ್ಟಬಹುದು ಎಂದು ನಾನು ಮೊದಲೇ ಹೇಳುತ್ತೇನೆ, ಏನೂ ಆಗುವುದಿಲ್ಲ ಎಂದು ಸುಳ್ಳು ಹೇಳಿದರೆ ಆಕೆ ಹೊರಗೆ ಹೋಗಿ ಇನ್ನೈದು ಜನರನ್ನು ವಾಪಸ್ ಕಳಿಸುತ್ತಾಳೆ.

ದಿನ ಆರಿಸುವುದರಲ್ಲೂ ನಾವು ಎಡವುತ್ತೇವೆ. ತೊಗರಿ ರಾಶಿಯ ಹೊತ್ತಿನಲ್ಲಿ ಕೂಲಿ ಬಿಟ್ಟು ಯಾರು ಬರುತ್ತಾರೆ? ರಾಶಿ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬೈ ಎಂದು ಗುಳೆ ಹೋಗುವವರು ಇದ್ದಾರೆ, ಅಂಥವರಲ್ಲಿ ಯಾರಿಗಾದರೂ ಮರುಪರೀಕ್ಷೆಗೆ ಬರೆದುಕೊಟ್ಟರೆ ಆ ಚೀಟಿ ಟ್ರಂಕಿನಲ್ಲೇ ಉಳಿಯುತ್ತದೆ. ಮುಸ್ಲಿಂ ಓಣಿಯ ಹೆಣ್ಣುಮಕ್ಕಳು ಬರುವುದಿಲ್ಲ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ, ನನ್ನ ಅನುಭವ ಹಾಗಿಲ್ಲ. ಒಳಗೆ ಯಾರು ಇರುತ್ತಾರೆ ಎಂದು ಅವರು ಮೊದಲು ಕೇಳುತ್ತಾರೆ. ಗಂಡಸರು ಯಾರೂ ಇಲ್ಲ, ನಾನೊಬ್ಬಳೇ ಎಂದರೆ ತಾಯಿ ಮಗಳು ಸೊಸೆ ಮೂವರೂ ಒಟ್ಟಿಗೆ ಬಂದದ್ದಿದೆ.

ಗರ್ಭಚೀಲದ ಭಯದ ಬಗ್ಗೆ ನಾನು ಹೇಳುವುದಕ್ಕಿಂತ ಅನುಭವಿಸಿದವರು ಹೇಳಿದರೆ ಒಳ್ಳೆಯದು.

ತಾಂಡಾದ ಮಗಳು

ಸಿಸ್ಟರ್ ಬಿಟ್ಟ ಮಾತನ್ನು ನಾನು ಹೇಳುತ್ತೇನೆ. ನಮ್ಮದು ಚಿಂಚೋಳಿ ತಾಲ್ಲೂಕಿನ ಒಂದು ಲಂಬಾಣಿ ತಾಂಡಾ, ನಾನು ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದೇನೆ. ನನ್ನ ಯಾಡಿಗೆ, ಅಂದರೆ ತಾಯಿಗೆ, ಗರ್ಭಕೋಶ ತೆಗೆಸಿದಾಗ ಇಪ್ಪತ್ತೊಂಬತ್ತು ವರ್ಷ. ಬಿಳಿ ಸೆರಗು, ಸೊಂಟ ನೋವು ಎಂದು ನಗರದ ಒಂದು ಖಾಸಗಿ ಆಸ್ಪತ್ರೆಗೆ ಹೋಗಿದ್ದಳು. ಹೋದ ದಿನವೇ ಸ್ಕ್ಯಾನಿಂಗ್ ಮಾಡಿ, "ಚೀಲದಾಗ ಗಡ್ಡಿ ಅದ, ತೆಗಿಸ್ಲಿಲ್ಲಂದ್ರ ಕ್ಯಾನ್ಸರ್ ಆಗ್ತದ" ಎಂದರು. ಅಪ್ಪ ಎರಡು ಆಡು ಮಾರಿ, ಮಾಲೀಕನ ಹತ್ತಿರ ಕಬ್ಬಿನ ಕೆಲಸಕ್ಕೆ ಮುಂಗಡ ಹಿಡಿದು ದುಡ್ಡು ಕಟ್ಟಿದ. ಅದೇ ವರ್ಷ ನಮ್ಮ ಚಿಕ್ಕಮ್ಮನಿಗೂ, ಪಕ್ಕದ ಮನೆಯಾಕೆಗೂ ಅದೇ ಮಾತು ಹೇಳಿ ಅದೇ ಶಸ್ತ್ರಚಿಕಿತ್ಸೆ ಮಾಡಿದರು. ನನ್ನ ಯಾಡಿಯ ಕಾಗದಗಳು ಇನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಜಂತಿಗೆ ನೇತಾಡುತ್ತಿವೆ. ಓದಲು ಕಲಿತ ಮೇಲೆ ನಾನು ಅವನ್ನೆಲ್ಲ ಬಿಚ್ಚಿ ನೋಡಿದೆ. ಒಂದು ಸ್ಕ್ಯಾನಿಂಗ್ ಚೀಟಿ, ಔಷಧದ ಬಿಲ್ಲುಗಳು, ಬಿಡುಗಡೆಯ ಕಾಗದ ಇವೆ. ತೆಗೆದ ಅಂಗವನ್ನು ಪರೀಕ್ಷೆಗೆ ಕಳಿಸಿದ ಕಾಗದ ಒಂದೂ ಇಲ್ಲ, ಶಸ್ತ್ರಚಿಕಿತ್ಸೆಗೆ ಮುಂಚೆ ಕೊರಳಿನ ಪರೀಕ್ಷೆ ಮಾಡಿದ ಗುರುತೂ ಇಲ್ಲ. ಅಂಡಾಶಯವನ್ನೂ ತೆಗೆದಿದ್ದರು ಎಂಬುದು ಬಿಡುಗಡೆಯ ಕಾಗದದ ಕೆಳಗಿನ ಒಂದು ಸಾಲಿನಿಂದ ಗೊತ್ತಾಯಿತು. ಮೂವತ್ತು ತುಂಬುವುದರೊಳಗೆ ಅವಳಿಗೆ ಮೈ ಉರಿ, ಮೊಣಕಾಲು ನೋವು ಶುರುವಾದವು. ಈಗ ನಲವತ್ತೈದಕ್ಕೆ ಮುದುಕಿಯ ಹಾಗೆ ಗೋಡೆ ಹಿಡಿದು ಏಳುತ್ತಾಳೆ.

ಇದು ನಮ್ಮ ಮನೆಯೊಂದರ ಕಥೆಯಲ್ಲ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳು ಇದೇ ದೂರು ಹೊತ್ತು ಬೀದಿಗಿಳಿದರು, ಸರ್ಕಾರ ತನಿಖೆ ಮಾಡಿಸಿತು, ಪತ್ರಿಕೆಗಳಲ್ಲೆಲ್ಲ ಬಂತು. ಹೊರಗಿನವರಿಗೆ ಅದು ಹಳೆಯ ಸುದ್ದಿ, ತಾಂಡಾದಲ್ಲಿ ಅದು ಹಳೆಯದಾಗಿಲ್ಲ.

ಅಕ್ಕೋರೆ, ನೀವು ಒಂದು ವಿಷಯ ಗಮನಿಸಬೇಕು. ನಮ್ಮ ತಾಂಡಾಕ್ಕೆ ಕ್ಯಾನ್ಸರ್ ಎಂಬ ಶಬ್ದವನ್ನು ಮೊದಲು ತಂದವರು ಆರೋಗ್ಯ ಇಲಾಖೆಯವರಲ್ಲ, ಶಸ್ತ್ರಚಿಕಿತ್ಸೆ ಮಾರುವವರು. ಈಗ ಅದೇ ಶಬ್ದವನ್ನು ಬ್ಯಾನರಿನ ಮೇಲೆ ದೊಡ್ಡದಾಗಿ ಬರೆಸಿಕೊಂಡು ಜೀಪಿನಲ್ಲಿ ಬಂದರೆ ನನ್ನ ಯಾಡಿ ತನ್ನ ಸೊಸೆಯನ್ನು ಒಳಗೆ ಕರೆದು ಕದ ಹಾಕುತ್ತಾಳೆ. ಅವಳಿಗೆ ತಿಳಿವಳಿಕೆ ಇಲ್ಲದ್ದರಿಂದ ಹಾಗೆ ಮಾಡುತ್ತಾಳೆ ಎಂದು ನನಗೆ ಅನ್ನಿಸುವುದಿಲ್ಲ.

ಬೀದರಿನ ಸ್ತ್ರೀರೋಗ ವೈದ್ಯೆ

ತಾಂಡಾದ ತಂಗಿಯ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಮ್ಮ ವೃತ್ತಿಯವರು ಮಾಡಿದ್ದನ್ನು ಸಮರ್ಥಿಸುವ ಗೋಜಿಗೆ ಹೋಗುವುದಿಲ್ಲ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಬೇಕಾಗಿ ಬಂತು ಎಂದರೆ ರೋಗ ಎಷ್ಟು ಆಳಕ್ಕೆ ಹೋಗಿತ್ತು ಎಂದು ಅರ್ಥಮಾಡಿಕೊಳ್ಳಬಹುದು.

ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾದ ಮಾತು ಇದು. ಗರ್ಭಕಂಠದ ಕ್ಯಾನ್ಸರಿಗೆ ಕಾರಣ ಎಚ್‌.ಪಿ.ವಿ. ಎಂಬ ವೈರಾಣು. ಇದರ ಅನೇಕ ಬಗೆಗಳಲ್ಲಿ 16 ಮತ್ತು 18 ಎಂಬ ಎರಡೇ ಬಗೆಗಳು ಸುಮಾರು ನೂರಕ್ಕೆ ಎಪ್ಪತ್ತು ಪ್ರಕರಣಗಳಿಗೆ ಕಾರಣ. ಈ ಸೋಂಕು ಬಹುತೇಕ ಎಲ್ಲರಿಗೂ ಬದುಕಿನಲ್ಲಿ ಒಮ್ಮೆ ತಗಲುತ್ತದೆ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಹೋಗದೆ ಉಳಿದವರಲ್ಲಿ ಕೊರಳಿನ ಜೀವಕೋಶಗಳು ನಿಧಾನವಾಗಿ ಬದಲಾಗುತ್ತವೆ, ಆ ಬದಲಾವಣೆ ಕ್ಯಾನ್ಸರ್ ಆಗುವುದಕ್ಕೆ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಹಿಡಿಯುತ್ತದೆ, ಎಚ್‌.ಐ.ವಿ. ಇದ್ದು ಚಿಕಿತ್ಸೆ ಪಡೆಯದವರಲ್ಲಿ ಬೇಗ ಆಗುತ್ತದೆ. ತಪಾಸಣೆಯ ಉಪಯೋಗವೆಲ್ಲ ಈ ದೀರ್ಘ ಅವಧಿಯಲ್ಲೇ ಅಡಗಿದೆ. "ನಂಗೇನ್ ಆಗ್ಯಾದ" ಎಂದು ಕೇಳುವಾಕೆಗೆ, ಏನೂ ಆಗಿಲ್ಲದಿರುವಾಗಲೇ ಮಾಡುವ ಪರೀಕ್ಷೆ ಇದು ಎಂದು ಹೇಳಬೇಕು. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಇದನ್ನು ಮಾಡಬೇಕೆಂದು ಇದೆ.

ಬಿಳಿ ಕಲೆ ಕಂಡರೆ ಅದು ಕ್ಯಾನ್ಸರ್ ಎಂದಲ್ಲ. ಆ ಹಂತದಲ್ಲಿ ಹೆಚ್ಚಿನವರಿಗೆ ಇರುವುದು ಬರೀ ಉರಿಯೂತ ಅಥವಾ ಕ್ಯಾನ್ಸರಿಗೆ ಮುಂಚಿನ ಬದಲಾವಣೆ. ಭೂತಗನ್ನಡಿಯಂಥ ಕಾಲ್ಪೊಸ್ಕೋಪಿನಲ್ಲಿ ನೋಡಿ, ಬೇಕಾದರೆ ಸಾಸಿವೆ ಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತೇವೆ. ಬದಲಾದ ಆ ಜಾಗವನ್ನಷ್ಟೇ ಶಾಖದಿಂದ ಸುಡುವ ಅಥವಾ ಶೀತದಿಂದ ಹೆಪ್ಪುಗಟ್ಟಿಸುವ ಚಿಕಿತ್ಸೆ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ, ಅದೇ ದಿನ ಮನೆಗೆ ಹೋಗಬಹುದು, ಗರ್ಭಕೋಶ ಇದ್ದಲ್ಲೇ ಇರುತ್ತದೆ. ಬಿಳಿ ಸೆರಗಿಗೆ ಗರ್ಭಕೋಶ ತೆಗೆಯುವುದು ಚಿಕಿತ್ಸೆಯಲ್ಲ. ಈ ಪರೀಕ್ಷೆಯಲ್ಲಿ ಕಲೆ ಕಂಡ ಮಾತ್ರಕ್ಕೆ ಗರ್ಭಕೋಶ ತೆಗೆಸಿ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬಂದು ಇನ್ನೊಬ್ಬ ವೈದ್ಯರನ್ನು ಕಾಣಿ. ತಪಾಸಣೆ ಸರಿಯಾಗಿ ನಡೆದರೆ ಗರ್ಭಕೋಶ ಉಳಿಯುತ್ತದೆ ಎಂಬುದನ್ನು ಸಂಘದಲ್ಲಿ ಮೊದಲ ಮಾತಾಗಿ ಹೇಳಬೇಕೆಂದು ನನ್ನ ಅಭಿಪ್ರಾಯ.

ನಮ್ಮ ಕಡೆಯವರಿಗೆ ಹೇಳಲು ಒಂದು ಹತ್ತಿರದ ಉದಾಹರಣೆ ಇದೆ. ಬಸವಕಲ್ಯಾಣ, ಆಳಂದ ದಾಟಿದರೆ ಸಿಗುವ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಅಂದರೆ ಈಗಿನ ಧಾರಾಶಿವದಲ್ಲಿ, 1999ರಿಂದ 30ರಿಂದ 59 ವರ್ಷದ ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಹಳ್ಳಿ ಹೆಣ್ಣುಮಕ್ಕಳ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. ಜೋಳ ತೊಗರಿ ಬೆಳೆಯುವ, ನಮ್ಮಂಥವೇ ಊರುಗಳು. ಒಂದೇ ಒಂದು ಸಲ ಎಚ್‌.ಪಿ.ವಿ. ಪರೀಕ್ಷೆ ಮಾಡಿದ ಗುಂಪಿನಲ್ಲಿ, ತಪಾಸಣೆ ಇಲ್ಲದ ಗುಂಪಿಗೆ ಹೋಲಿಸಿದರೆ, ಎಂಟು ವರ್ಷದಲ್ಲಿ ಈ ಕ್ಯಾನ್ಸರಿನ ಸಾವುಗಳು ಸುಮಾರು ಅರ್ಧಕ್ಕೆ ಇಳಿದವು. 2009ರಲ್ಲಿ ಫಲಿತಾಂಶ ಪ್ರಕಟವಾಯಿತು, ಜಗತ್ತೆಲ್ಲ ಅದನ್ನು ಓದಿತು. ಸಿಸ್ಟರ್ ಮಾಡುವ ಆಮ್ಲದ ಪರೀಕ್ಷೆ ಅಲ್ಲಿ ಅಷ್ಟು ಸ್ಪಷ್ಟ ಲಾಭ ತೋರಿಸಲಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ, ಆದರೆ ಮುಂಬೈಯ ಕೊಳೆಗೇರಿಗಳಲ್ಲಿ ಅದೇ ಪರೀಕ್ಷೆಯನ್ನು ಎರಡು ವರ್ಷಕ್ಕೊಮ್ಮೆ ಮಾಡಿದಾಗ ಸಾವುಗಳು ಸುಮಾರು ನೂರಕ್ಕೆ ಮೂವತ್ತೊಂದರಷ್ಟು ಕಡಿಮೆಯಾದವು. ಮಾಡುವವರ ತರಬೇತಿಯ ಮೇಲೆ, ಮತ್ತೆ ಮತ್ತೆ ಮಾಡುವುದರ ಮೇಲೆ ಅದು ನಿಂತಿದೆ. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗ ಒಳಕ್ಕೆ ಸರಿಯುವುದರಿಂದ ಆಮ್ಲದ ಪರೀಕ್ಷೆ ಅವರಿಗೆ ಅಷ್ಟು ನಂಬಿಕೆಯದ್ದಲ್ಲ, ಅವರಿಗೆ ಎಚ್‌.ಪಿ.ವಿ. ಪರೀಕ್ಷೆ ಸಿಕ್ಕರೆ ಒಳ್ಳೆಯದು. ಅದರಲ್ಲಿ ಮಾದರಿಯನ್ನು ಮಹಿಳೆ ತಾನೇ ತೆಗೆದುಕೊಡಬಹುದು, ನಾಚಿಕೆಯ ಅರ್ಧ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ.

ತಂಗಿ, ನಿಮ್ಮ ತಾಯಿಯ ಕಾಗದಗಳನ್ನು ಎಸೆಯಬೇಡಿ. ಕೊರಳನ್ನೂ ಸೇರಿಸಿ ತೆಗೆದಿದ್ದರೆ ಸಾಮಾನ್ಯವಾಗಿ ಅವರಿಗೆ ಈ ತಪಾಸಣೆ ಬೇಕಾಗುವುದಿಲ್ಲ, ಕೊರಳು ಉಳಿಸಿದ್ದರೆ ಬೇಕಾಗುತ್ತದೆ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅಂಡಾಶಯ ಹೋದವರ ಮೂಳೆ ಸವೆಯುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ಗೋಡೆ ಹಿಡಿದು ಏಳುವುದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬೇಡಿ, ತೋರಿಸಿ.

ಗುರುಮಠಕಲ್ ಗೃಹಸ್ಥ

ಹೆಣ್ಣುಮಕ್ಕಳ ಚರ್ಚೆಯಲ್ಲಿ ಗಂಡಸು ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ನನ್ನ ಹೆಂಡತಿಗೆ ಪರೀಕ್ಷೆಯಲ್ಲಿ ಕಲೆ ಕಂಡು ಕಲಬುರಗಿಗೆ ಬರೆದುಕೊಟ್ಟಾಗ, ಇದು ಸೇರುವುದರಿಂದ ಹರಡುವ ಸೋಂಕು ಎಂದು ಯಾರೋ ಹೇಳಿದ್ದನ್ನು ಕೇಳಿ ನಾನು ಅವಳನ್ನು ಮೂರು ದಿನ ಮಾತಾಡಿಸಲಿಲ್ಲ. ಅದು ನನ್ನಿಂದಲೇ ಬಂದಿರಬಹುದು, ಗಂಡಸರಲ್ಲಿ ಯಾವ ಲಕ್ಷಣವೂ ಇಲ್ಲದೆ ಇರುತ್ತದೆ, ಯಾವಾಗ ತಗಲಿತೆಂದು ಹೇಳಲಾಗದು ಎಂದು ಅಲ್ಲಿನ ಡಾಕ್ಟರ್ ಬಾಯಿಯವರು ನನ್ನನ್ನು ಒಳಗೆ ಕರೆದು ಹೇಳಿದ ಮೇಲೆ ತಲೆ ತಗ್ಗಿಸಿದೆ. ಗಂಡಂದಿರಿಗೂ ಒಂದು ಸಭೆ ಮಾಡಿ.

ಮಗಳಿಗೆ ಎಚ್‌.ಪಿ.ವಿ. ತಡೆಯುವ ಲಸಿಕೆ ಹಾಕಿಸುವ ಮಾತು ಬಂದಾಗ ತೆಲಂಗಾಣದ ಬೀಗರು ಖಮ್ಮಂನ ಸುದ್ದಿ ಎತ್ತಿದರು. ನಾನು ಓದಿ ನೋಡಿದೆ. 2009ರಲ್ಲಿ ಅಲ್ಲಿನ ಶಾಲಾ ಬಾಲಕಿಯರಿಗೆ ಈ ಲಸಿಕೆ ಹಾಕುವ ಯೋಜನೆ ನಡೆದು, ಕೆಲವು ಮಕ್ಕಳು ತೀರಿಕೊಂಡ ವರದಿ ಬಂದು, 2010ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಿದರು. ಸಾವುಗಳಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ, ಆದರೆ ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್ನುಗಳಿಂದ ಸಹಿ ಹಾಕಿಸಿಕೊಂಡಿದ್ದರು ಎಂದು ಸಂಸತ್ತಿನ ಸಮಿತಿ ಛೀಮಾರಿ ಹಾಕಿತು. ಲಸಿಕೆಯ ಬಗ್ಗೆ ನನ್ನ ಅನುಮಾನ ಹೋಯಿತು, ಕೇಳದೆ ಸಹಿ ಮಾಡಿದವರ ಬಗ್ಗೆ ಸಿಟ್ಟು ಉಳಿಯಿತು. ಮಗಳಿಗೆ ಹನ್ನೆರಡು ವರ್ಷ, ಹಾಕಿಸಿದ್ದೇನೆ.

ಸೇಡಂ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನೆಗೆಣ್ಣಿಯನ್ನು ಗುರುವಾರ ಕಲಬುರಗಿಗೆ ಕರೆದುಕೊಂಡು ಹೋಗಿದ್ದೆ. ಬಸ್ಸಿನಲ್ಲಿ ಹೋಗುವಾಗಲೂ ಸಬ್ಜಾ ನೀರಿನ ಬಾಟಲಿ ಕೈಯಲ್ಲೇ ಇತ್ತು. ವೈದ್ಯೆ ನೋಡಿ, ಸ್ಕ್ಯಾನಿಂಗ್ ಮಾಡಿಸಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ, ವರದಿ ಸೋಮವಾರ ಬರುತ್ತದೆ. ಒಳಗೆ ಹೋಗುವ ಮುನ್ನ ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದು ಕೇಳಿದ್ದು ಒಂದೇ ಮಾತು, "ಇವತ್ತೇ ತೆಗೀತಾರೇನ?" ಎಂದು. ಬಾವಿಕಟ್ಟೆಯ ಹತ್ತಿರ ಕೇಳಿದ ಪ್ರಶ್ನೆಯೇ ಇದು ಎಂದು ಆಗ ತಿಳಿಯಿತು.

ಸಂಘದ ಮುಂದಿನ ಸಭೆಯಲ್ಲಿ ಬಾವಿಕಟ್ಟೆಯಾಕೆಯ ಹತ್ತಿರ ನಾನು ನಕ್ಕಿದ್ದಕ್ಕೆ ಮೊದಲು ಮಾಫಿ ಕೇಳುತ್ತೇನೆ. ತಪಾಸಣೆಯ ದಿನ ಯಾರಿಗೂ ಶಸ್ತ್ರಚಿಕಿತ್ಸೆಯ ಮಾತು ಇರುವುದಿಲ್ಲ, ಕಲೆ ಕಂಡವರ ಜೊತೆ ಕಲಬುರಗಿಯವರೆಗೆ ನಾನು ಅಥವಾ ಆಶಾ ಬರುತ್ತೇವೆ, ಬಸ್ಸಿನ ಚಾರ್ಜು ಸಂಘದ ಉಳಿತಾಯದಿಂದ ಎಂದು ಠರಾವು ಬರೆದು ಎಲ್ಲರೆದುರು ಓದುವ ವಿಚಾರವಿದೆ. ತಾಂಡಾದ ತಂಗಿ, ನೀವು ರಜೆಗೆ ಬಂದಾಗ ಒಂದು ದಿನ ನಮ್ಮೂರಿಗೆ ಬಂದು ಮಾತಾಡುವಿರಾ? ಸಿಸ್ಟರ್, ಇನ್ನೊಂದು ಸಣ್ಣ ಪ್ರಶ್ನೆ, ಮುಟ್ಟಿನ ದಿನಗಳಲ್ಲಿ ಇರುವವರಿಗೆ ಏನು ಹೇಳಲಿ?

ತಾಂಡಾದ ಮಗಳು

ಬರುತ್ತೇನೆ ಅಕ್ಕೋರೆ. ಯಾಡಿಯನ್ನೂ ಕೇಳಿ ನೋಡುತ್ತೇನೆ. ಅವಳು ಬಂದರೆ ಕಾಗದದ ಚೀಲ ಹಿಡಿದುಕೊಂಡೇ ಬರುತ್ತಾಳೆ.

ಶಹಾಪುರದ ಸಿಸ್ಟರ್

ಮುಟ್ಟಿನಲ್ಲಿ ಇರುವವರು ಆ ದಿನ ಬೇಡ, ನಿಂತ ಮೇಲೆ ಬರಲಿ. ಹಿಂದಿನ ಎರಡು ದಿನ ಒಳಗೆ ಯಾವ ಔಷಧವನ್ನೂ ಇಟ್ಟುಕೊಂಡಿರಬಾರದು. ಬಸುರಿಯರಿಗೆ ಮಾಡುವುದಿಲ್ಲ. ಬರುವವರಿಗೆ ಸೀರೆ ಅಥವಾ ಸಡಿಲ ಲಂಗ ಉಟ್ಟು ಬರಲು ಹೇಳಿ, ಪೂರ್ತಿ ಬಟ್ಟೆ ತೆಗೆಯುವ ಅಗತ್ಯವಿಲ್ಲ ಎಂಬುದನ್ನೂ ತಿಳಿಸಿ. ಸೋಮವಾರದ ವರದಿ ಏನೆಂದು ಇಲ್ಲಿ ಬರೆಯಿರಿ ಅಕ್ಕೋರೆ, ಕಾಯುತ್ತಿರುತ್ತೇನೆ.